ಮೆಣಸಿನ ಕುಂಡದಲ್ಲಿ ತಾನಾಗೇ ಬಂದ ಗಿಡ: ಗಣಿಕೆನಾ, ಉಮ್ಮತ್ತಿನಾ?

ಪ್ರಶ್ನೆ:
ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ ಮೆಣಸಿನ ಬೀಜ ಹಾಕಿದ್ದೆ. ಒಂದು ಕುಂಡದ ಗಿಡ ಮಾತ್ರ ಬೇರೆ ಥರ ಇದೆ. ಸಸಿಯಾಗಿದ್ದಾಗ ಎಲೆ ಮೆಣಸಿನ ಹಾಗೇ ಇತ್ತು, ಅದಕ್ಕೇ ನೀರು ಗೊಬ್ಬರ ಎಲ್ಲ ಹಾಕಿ ಬೆಳೆಸಿದೆ. ಈಗ ಮೊಣಕಾಲೆತ್ತರ ಬಂದಿದೆ, ಎಲೆ ಅಗಲವಾಗಿ ಅಂಚು ಸ್ವಲ್ಪ ಅಂಕುಡೊಂಕು. ಪಕ್ಕದ ಮನೆಯವರು ಉಮ್ಮತ್ತಿ, ಕಿತ್ತು ಬಿಸಾಕಿ ಅಂದರು. ಅತ್ತೆ ನೋಡಿ ಗಣಿಕೆ ಸೊಪ್ಪು, ತಂಬುಳಿ ಮಾಡೋಣ ಅಂತಾರೆ. ಮನೇಲಿ ಮೂರು ವರ್ಷದ ಮಗು ಇದೆ. ಏನು ಮಾಡಲಿ?

ಉತ್ತರ:
ಗೊತ್ತಾಗುವವರೆಗೆ ಒಂದೆಲೆಯನ್ನೂ ಒಲೆ ಮೇಲೆ ಇಡಬೇಡಿ. ಉಮ್ಮತ್ತಿಯ ಎಲೆ, ಬೀಜ ಎಲ್ಲದರಲ್ಲೂ ಅಟ್ರೋಪಿನ್, ಸ್ಕೋಪೊಲಮಿನ್ ಇರುತ್ತದೆ, ಬೇಯಿಸಿದರೂ ವಿಷ ಹೋಗುವುದಿಲ್ಲ. ಎಲೆ ನೋಡಿ ತೀರ್ಮಾನ ಮಾಡಬೇಡಿ. ಬದನೆ, ಟೊಮೆಟೊ, ಮೆಣಸು, ಗಣಿಕೆ, ಉಮ್ಮತ್ತಿ ಎಲ್ಲ ಒಂದೇ ಕುಟುಂಬದವು, ಸಸಿಯಲ್ಲಿ ಎಂಥವರಿಗೂ ಮೋಸ ಆಗುತ್ತದೆ. ಹೂ ಬಿಟ್ಟಿದೆಯಾ?

ಪ್ರಶ್ನೆ ಕೇಳಿದವರು:
ಇವತ್ತು ಬೆಳಿಗ್ಗೆ ನೋಡಿದೆ. ಪುಟ್ಟ ಬಿಳಿ ಹೂ, ನಾಲ್ಕೈದು ಒಟ್ಟಿಗೆ ಜೋತುಬಿದ್ದಿವೆ. ಕೆಳಗಿನ ರೆಂಬೆಯಲ್ಲಿ ಕಾಳುಮೆಣಸಿನಷ್ಟು ಹಸಿರು ಕಾಯಿ ಇದೆ, ಮುಳ್ಳಿಲ್ಲ.

ಉತ್ತರ:
ಹಾಗಿದ್ದರೆ ಉಮ್ಮತ್ತಿ ಅಲ್ಲ. ಅದರ ಹೂ ಕಹಳೆಯಂತೆ ಉದ್ದ, ಒಂಟಿ, ಕಾಯಿ ತುಂಬ ಮುಳ್ಳು. ಹೂವಿನ ನಡುವೆ ಯಾವ ಬಣ್ಣ ಅಂತ ಒಮ್ಮೆ ನೋಡಿ. ಹಳದಿ ಇದ್ದರೆ ಗಣಿಕೆ. ಮೆಣಸಿನದು ಸಾಮಾನ್ಯವಾಗಿ ನೀಲಿ ಛಾಯೆ, ಹೂವೂ ಕವಲಿನಲ್ಲಿ ಒಂದೊಂದೇ ಬರುತ್ತದೆ. ಗಣಿಕೆಯ ಗೊಂಚಲು ಎಲೆ ಬುಡದಲ್ಲಿ ಅಲ್ಲ, ಎರಡು ಎಲೆಗಳ ನಡುವಿನ ಕಾಂಡದಿಂದ ಹೊರಡುತ್ತದೆ, ಇದು ನಾನು ತುಂಬಾ ನಂಬುವ ಗುರುತು.

ಪ್ರಶ್ನೆ ಕೇಳಿದವರು:
ನಡುವೆ ಹಳದಿನೇ! ಗೊಂಚಲೂ ನೀವು ಹೇಳಿದ ಹಾಗೇ ಕಾಂಡದ ಮಧ್ಯದಿಂದ ಬಂದಿದೆ. ಆದರೆ ನಾನು ಬೀಜ ಹಾಕಿಲ್ಲವಲ್ಲ?

ಉತ್ತರ:
ಹಕ್ಕಿಗಳು ಹಾಕಿರುತ್ತವೆ. ಹಣ್ಣು ತಿಂದು ಎಲ್ಲೆಲ್ಲೋ ಹಿಕ್ಕೆ ಹಾಕುತ್ತವೆ, ಬೀಜ ಅಲ್ಲೇ ಮೊಳೆಯುತ್ತದೆ. ಗಣಿಕೆಗೆ ಕಾಕಿ ಗಿಡ ಅಂತ ನಮ್ಮ ಕಡೆ ಸುಮ್ನೆ ಹೇಳುವುದಿಲ್ಲ, ಅಲ್ವಾ. ನಿಮ್ಮ ಅತ್ತೆಯವರು ಹೇಳಿದ್ದೇ ಸರಿ. ಎಳೆ ಎಲೆ ತಂದು ತುಪ್ಪದಲ್ಲಿ ಜೀರಿಗೆ ಜೊತೆ ಚೆನ್ನಾಗಿ ಬಾಡಿಸಿ, ತೆಂಗಿನಕಾಯಿ ತುರಿ ಹಾಕಿ ರುಬ್ಬಿ ಮಜ್ಜಿಗೆಗೆ ಕಲಸಿದರೆ ತಂಬುಳಿ. ಹಸಿಯಾಗಿ ಮಾತ್ರ ಬೇಡ. ಹಸಿರು ಕಾಯಿಯಲ್ಲಿ ಸೊಲನಿನ್ ಎಂಬ ವಿಷ ಜಾಸ್ತಿ, ವಾಂತಿ, ಹೊಟ್ಟೆನೋವು ಬರಬಹುದು. ಪೂರ್ತಿ ಕಪ್ಪಾದ ಹಣ್ಣನ್ನು ದೊಡ್ಡವರು ತಿನ್ನುತ್ತಾರೆ, ಮಗುವಿಗೆ ಹಸಿರು ಯಾವುದು, ಕಪ್ಪು ಯಾವುದು ಅಂತ ಹೇಳಿ ಒಪ್ಪಿಸಲು ಆಗಲ್ಲ. ಕುಂಡವನ್ನು ಅದರ ಕೈಗೆ ಸಿಗದಷ್ಟು ಎತ್ತರದಲ್ಲಿಡಿ.

ಪ್ರಶ್ನೆ ಕೇಳಿದವರು:
ಈಗಲೇ ಹಸಿರು ಕಾಯಿ ಎಲ್ಲ ಕಿತ್ತು ಹಾಕಿದೆ, ಕುಂಡ ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಹೋಯಿತು. ಅತ್ತೆಗೆ ಹೇಳಿದ ತಕ್ಷಣ ಕಾಯಿ ತುರಿಯಲು ಕೂತರು.