ಅಪ್‌ಡೇಟ್: ಶಿವಮೊಗ್ಗದಿಂದ ಜೋಗಕ್ಕೆ ಬಾಡಿಗೆ ಕಾರು, ಒಂದೇ ದಿನ

ಮಳೆಗಾಲದಲ್ಲಿ ಜೋಗ ನೋಡಿ ಅದೇ ದಿನ ವಾಪಸ್ ಬರಬಹುದಾ ಅಂತ ಕೇಳಿದ್ದೆ. ಆರಾಮಾಗಿ ಆಗುತ್ತೆ. ಸಾಗರದ ಮೇಲೆ ಹೋಗಿ ಬರೋಕೆ ಸುಮಾರು 210 ಕಿ.ಮೀ. ಆದರೆ ಬಾಡಿಗೆಯವರು ದಿನಕ್ಕೆ ಕನಿಷ್ಠ 250 ಇಲ್ಲವೇ 300 ಕಿ.ಮೀ. ಲೆಕ್ಕ ಹಿಡೀತಾರೆ; ಡ್ರೈವರ್ ಬಾಟಾ (ದಿನಭತ್ಯೆ), ಪಾರ್ಕಿಂಗ್ ಬೇರೆ. ಕಿಲೋಮೀಟರ್ ಎಣಿಕೆ ಅವರ ಶೆಡ್ಡಿಂದಲಾ, ನಮ್ಮ ಮನೆಯಿಂದಲಾ ಅಂತ ಮೊದಲೇ ಕೇಳಿ, ಜಗಳ ಹುಟ್ಟೋದೇ ಅಲ್ಲಿ. ಮಿಕ್ಕ ಕಿಲೋಮೀಟರಲ್ಲಿ ಸಾಗರದ ಹತ್ತಿರದ ಇಕ್ಕೇರಿ ದೇವಸ್ಥಾನ ನೋಡಬಹುದು.

ಮಂಜಿನ ಬಗ್ಗೆ ಎಚ್ಚರಿಸಿದವರ ಮಾತು ನಿಜ. ಜೋಗದ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆ ಬೆಳ್ಳಗೆ ಮುಚ್ಚಿಹೋಗಿ ಬರೀ ಭೋರ್ಗರೆತ. ಗಾಳಿ ಬೀಸಿದರೆ ಐದು ನಿಮಿಷ ಪೂರ್ತಿ 253 ಮೀಟರ್ ಕಾಣುತ್ತೆ, ಮತ್ತೆ ಮಾಯ. ಅಲ್ಲಿಗೇ ಅಂತ ಎರಡು ಗಂಟೆ ಇಟ್ಟುಕೊಳ್ಳಿ. ಕೊಡೆ ಮಗುಚುತ್ತೆ, ರೇನ್‌ಕೋಟೇ ಸೈ. ಇಂಬಳಕ್ಕೆ (ಜಿಗಣೆಗೆ) ಒಂದು ಪೊಟ್ಟಣ ಉಪ್ಪು ಸಾಕು.