ಪದಚರ್ಚೆ: ‘ಟ್ರ್ಯಾಕ್’ ಎಂಬುದಕ್ಕೆ ‘ಜಾಡು ಹಿಡಿ’ ಸಲ್ಲುತ್ತದೆಯೇ?

ಮಾನ್ಯರೇ,

ತೀರ್ಥಹಳ್ಳಿ ಸೀಮೆಯ ತಾಳಮದ್ದಲೆ ಕೂಟಗಳ ಧ್ವನಿಮುದ್ರಣಗಳನ್ನೂ ಅವುಗಳ ಬರಹರೂಪವನ್ನೂ ಗಿಟ್‌ನಲ್ಲಿ, ಅಂದರೆ ಕಂಪ್ಯೂಟರಿನ ಕಡತಗಳಲ್ಲಾಗುವ ಬದಲಾವಣೆಗಳ ಚರಿತ್ರೆಯನ್ನು ಉಳಿಸಿಡುವ ತಂತ್ರಾಂಶದಲ್ಲಿ, ಕಾಪಿಡುವ ಕೆಲಸದಲ್ಲಿ ನಾವು ಕೆಲವರು ತೊಡಗಿದ್ದೇವೆ. ಹೊಸದಾಗಿ ಸೇರುವವರಿಗೆಂದು ನಾನು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದು, ಅದರ ಒಂದು ಅಧ್ಯಾಯಕ್ಕೆ ‘ದೊಡ್ಡ ಕಡತಗಳ ಜಾಡು ಹಿಡಿಯುವ ನೀತಿ’ ಎಂದು ಹೆಸರಿಟ್ಟಿದ್ದೆ. ಈ ತಲೆಬರಹದಲ್ಲಿ ಈಗ ನನಗೆ ಒಪ್ಪಿಗೆಯಾಗುವ ಪದ ‘ಕಡತ’ ಒಂದೇ. ‘ಜಾಡು ಹಿಡಿ’ ಎಂಬುದಂತೂ ಓದುಗರೊಬ್ಬರನ್ನು ದಾರಿ ತಪ್ಪಿಸಿದ್ದರಿಂದ, ಬಲ್ಲವರನ್ನು ಕೇಳದೆ ಮುಂದೆ ಬರೆಯಬಾರದು ಎಂದು ತೀರ್ಮಾನಿಸಿದ್ದೇನೆ.

ಮೊದಲು ಪದದ ಹಿಂದಿರುವ ಕೆಲಸವನ್ನು ಹೇಳುತ್ತೇನೆ. ಗಿಟ್‌ನಲ್ಲಿ ಒಂದು ಕಡತ ‘ಟ್ರ್ಯಾಕ್’ ಆಗಿದೆ ಎಂದರೆ ಅದು ಗಿಟ್‌ನ ಲೆಕ್ಕದ ಪಟ್ಟಿಗೆ ಸೇರಿದೆ, ಇನ್ನು ಅದರಲ್ಲಾಗುವ ಬದಲಾವಣೆ ಗಿಟ್‌ನ ಗಮನಕ್ಕೆ ಬರುತ್ತದೆ ಎಂದಷ್ಟೇ ಅರ್ಥ. ಗಿಟ್ ಭಂಡಾರಗಳನ್ನು ಅಂತರ್ಜಾಲದಲ್ಲಿ ಇರಿಸಿಕೊಡುವ ಗಿಟ್‌ಹಬ್ 2015ರಲ್ಲಿ ಹೊರತಂದ ಲಾರ್ಜ್ ಫೈಲ್ ಸ್ಟೋರೇಜ್, ಅಂದರೆ ಎಲ್‌ಎಫ್‌ಎಸ್ ಎಂಬ ವಿಸ್ತರಣೆಯಲ್ಲಿಯೂ ಆಜ್ಞೆಯ ಹೆಸರು ‘ಟ್ರ್ಯಾಕ್’ ಎಂದೇ ಇದೆ. ಆದರೆ ಅಲ್ಲಿ ಆಗುವ ಕೆಲಸವೇ ಬೇರೆ. ಹೆಸರಿನ ಕೊನೆಯಲ್ಲಿ ‘ವೇವ್’ ಎಂದಿರುವ ಧ್ವನಿಯ ಕಡತಗಳೆಲ್ಲ ಎಲ್‌ಎಫ್‌ಎಸ್‌ನ ಪಾಲಿಗೆ ಸೇರತಕ್ಕದ್ದು ಎಂಬಂಥ ಒಂದು ಸಾಲನ್ನು ಆ ಆಜ್ಞೆಯು ‘ಗಿಟ್‌ಆಟ್ರಿಬ್ಯೂಟ್ಸ್’ ಎಂಬ ಕಡತದಲ್ಲಿ ಬರೆದಿಡುತ್ತದೆ. ಆಮೇಲೆ ನಾವು ಅಂಥ ಕಡತವನ್ನು ಸೇರಿಸಿದಾಗ ಅದರ ಒಡಲು ಪ್ರತ್ಯೇಕ ಉಗ್ರಾಣಕ್ಕೆ ಹೋಗುತ್ತದೆ, ಗಿಟ್‌ನ ಚರಿತ್ರೆಯಲ್ಲಿ ಮೂರು ಸಾಲಿನ ಸಣ್ಣ ಬರಹವೊಂದು ಮಾತ್ರ ಉಳಿಯುತ್ತದೆ. ಆಜ್ಞೆ ಕೊಟ್ಟ ಮಾತ್ರಕ್ಕೆ ಯಾವ ಕಡತವೂ ಗಿಟ್‌ನ ಲೆಕ್ಕಕ್ಕೆ ಸೇರುವುದಿಲ್ಲ, ಈಗಾಗಲೇ ಚರಿತ್ರೆಯೊಳಗೆ ಕುಳಿತಿರುವ ಕಡತ ಅಲ್ಲಿಂದ ಹೊರಗೆ ಬರುವುದೂ ಇಲ್ಲ.

ನಮ್ಮ ಗೆಳೆಯರೊಬ್ಬರು ಕೈಪಿಡಿಯ ಕರಡನ್ನು ಓದಿ, ಧ್ವನಿಯ ಕಡತಗಳನ್ನು ಮೊದಲು ಕಮಿಟ್ ಮಾಡಿ, ಅಂದರೆ ಗಿಟ್‌ನ ಚರಿತ್ರೆಗೆ ಸೇರಿಸಿ, ಮಾರನೆಯ ದಿನ ಎಲ್‌ಎಫ್‌ಎಸ್‌ಗೆ ಟ್ರ್ಯಾಕ್ ಆಜ್ಞೆ ಕೊಟ್ಟರು. ಜಾಡು ಹಿಡಿಯುವುದೆಂದರೆ ಹಿಂದೆ ಮೂಡಿದ ಹೆಜ್ಜೆಗಳನ್ನು ನೋಡಿಕೊಂಡು ಹೋಗುವುದು ತಾನೆ, ಆದ್ದರಿಂದ ನಿನ್ನೆಯ ಕಮಿಟ್‌ಗಳಲ್ಲಿ ಇರುವುದನ್ನೂ ಅದು ಹುಡುಕಿ ಉಗ್ರಾಣಕ್ಕೆ ಸಾಗಿಸುತ್ತದೆ ಎಂದು ಅವರು ತಿಳಿದಿದ್ದರು. ಸಿ.ಡಿ. ಗುಣಮಟ್ಟದ ಧ್ವನಿಯು ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಹಿಡಿಯುವುದರಿಂದ ಒಂದು ಗಂಟೆಯ ಅರ್ಥಗಾರಿಕೆ 600 ಮೆಗಾಬೈಟ್ ಮೀರುತ್ತದೆ. ಗಿಟ್‌ಹಬ್ ಸಾಮಾನ್ಯ ದಾರಿಯಲ್ಲಿ ಒಳಬಿಡುವುದು 100 ಮೆಗಾಬೈಟಿನವರೆಗಿನ ಕಡತವನ್ನು ಮಾತ್ರ. ಕಡೆಗೆ ‘ಮೈಗ್ರೇಟ್’ ಆಜ್ಞೆಯಿಂದ ಚರಿತ್ರೆಯನ್ನೇ ತಿದ್ದಿ ಬರೆಸಬೇಕಾಯಿತು, ಉಳಿದವರೆಲ್ಲ ತಮ್ಮ ಪ್ರತಿಗಳನ್ನು ಹೊಸದಾಗಿ ಇಳಿಸಿಕೊಳ್ಳಬೇಕಾಯಿತು. ಆ ಗೆಳೆಯರ ತರ್ಕದಲ್ಲಿ ದೋಷವಿರಲಿಲ್ಲ. ಮಲೆನಾಡಿನವರು ‘ಜಾಡು’ ಎಂಬ ಮಾತನ್ನು ಹೇಗೆ ಗ್ರಹಿಸಬೇಕೋ ಹಾಗೆಯೇ ಅವರು ಗ್ರಹಿಸಿದ್ದರು. ತಪ್ಪಿದ್ದು ನನ್ನ ಪದದ ಆಯ್ಕೆ.

ನಮ್ಮಲ್ಲಿ ತೋಟಕ್ಕೆ ನುಗ್ಗಿದ ಹಂದಿಯ ಜಾಡು ಹಿಡಿಯುತ್ತಾರೆ, ಬ್ಯಾಣದಿಂದ, ಅಂದರೆ ಮೇಯುವ ಹುಲ್ಲುಗಾವಲಿನಿಂದ, ಮನೆಗೆ ಬಾರದ ದನದ ಜಾಡು ಹಿಡಿಯುತ್ತಾರೆ. ಪ್ರಾಣಿ ಮುಂದೆ ಹೋಗಿರುತ್ತದೆ, ನಾವು ಹಿಂದಿರುತ್ತೇವೆ, ಅದು ಎಲ್ಲಿದೆಯೆಂಬುದು ನಮಗೆ ತಿಳಿದಿರುವುದಿಲ್ಲ. ಗಿಟ್‌ನ ಕಡತ ಎಲ್ಲಿಗೂ ಓಡಿಹೋದದ್ದಲ್ಲ. ‘ಪತ್ತೆಹಚ್ಚು’ ಎಂದರೂ ಕಳೆದುಹೋದದ್ದರ ನೆರಳು ಬರುತ್ತದೆ. ‘ನಿಗಾ ಇಡು’ ಎಂದರೆ ರೋಗಿಯ ಅಥವಾ ಆರೋಪಿಯ ನೆನಪು ಬರುತ್ತದೆ. ‘ಅನುಸರಿಸು’ ಎಂಬುದು ಮಾತು ಕೇಳುವುದಕ್ಕೆ ಹತ್ತಿರವಾಗಿದೆ.

ಆದ್ದರಿಂದ ಇಂಗ್ಲಿಷಿನ ಒಂದೇ ಪದಕ್ಕೆ ಕನ್ನಡದಲ್ಲಿ ಎರಡು ಪದಗಳು ಬೇಕು ಎಂಬುದು ನನ್ನ ಅಭಿಪ್ರಾಯ. ಗಿಟ್‌ನ ಮೂಲ ಅರ್ಥಕ್ಕೆ ‘ಲೆಕ್ಕಕ್ಕೆ ಹಿಡಿ’ ಎನ್ನಬಹುದು. ಲೆಕ್ಕಕ್ಕೆ ಹಿಡಿಯದ ಕಡತದ ಸ್ಥಿತಿಯನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಗಾದೆ ಚೆನ್ನಾಗಿಯೇ ಹಿಡಿದಿಡುತ್ತದೆ: ಕಡತ ಕೋಶದೊಳಗೆ (ಫೋಲ್ಡರಿನಲ್ಲಿ) ಇದೆ, ದಾಖಲೆಯಲ್ಲಿ ಇಲ್ಲ. ಆದರೆ ‘ಲೆಕ್ಕಕ್ಕಿಲ್ಲದ ಕಡತ’ ಎಂದು ಬರೆದರೆ ಬೆಲೆಯಿಲ್ಲದ್ದು ಎಂದೂ ಅರ್ಥವಾಗುವುದರಿಂದ ‘ಲೆಕ್ಕಕ್ಕೆ ಸೇರದ’ ಎಂಬ ರೂಪವನ್ನು ಆರಿಸಿದ್ದೇನೆ. ಎಲ್‌ಎಫ್‌ಎಸ್‌ನ ಅರ್ಥಕ್ಕೆ ‘ಉಗ್ರಾಣಕ್ಕೆ ಗೊತ್ತುಪಡಿಸು’ ಎಂಬುದು ನನ್ನ ಸೂಚನೆ. ಗೊತ್ತುಪಡಿಸುವುದು ಇನ್ನು ಮುಂದೆ ಆಗಬೇಕಾದುದನ್ನು. ಆಗಿಹೋದದ್ದನ್ನು ಯಾರೂ ಗೊತ್ತುಪಡಿಸುವುದಿಲ್ಲ. ನನಗೆ ಬೇಕಾದ ಕಾಲದ ಸೂಚನೆ ಪದದೊಳಗೇ ಇದೆ.

ಚರಿತ್ರೆಯಲ್ಲಿ ಉಳಿಯುವ ಆ ಮೂರು ಸಾಲಿನ ಬರಹಕ್ಕೆ ಇಂಗ್ಲಿಷಿನಲ್ಲಿ ‘ಪಾಯಿಂಟರ್’ ಎಂಬ ಹೆಸರಿದೆ. ಇದಕ್ಕೆ ನಮ್ಮ ಘಟ್ಟದ ರಸ್ತೆಗಳ ‘ಕೈಮರ’ ಒಪ್ಪುತ್ತದೆ ಎಂದು ಬಹಳ ದಿನ ಆಸೆಪಟ್ಟಿದ್ದೆ, ಏಕೆಂದರೆ ದಾರಿ ತೋರುವ ಕಂಬಕ್ಕೆ ಇದಕ್ಕಿಂತ ಚೆಂದದ ಮಾತು ನನಗೆ ಕಂಡಿಲ್ಲ. ಆದರೆ ಆ ಬರಹವನ್ನು ತೆರೆದು ನೋಡಿದಾಗ ಆಸೆ ನಿಲ್ಲಲಿಲ್ಲ. ಅದರ ಮೊದಲ ಸಾಲಿನಲ್ಲಿ ಬರಹದ ನಮೂನೆ ಯಾವುದೆಂಬುದು, ಎರಡನೆಯದರಲ್ಲಿ ಒಡಲಿನಿಂದ ಗಣಿಸಿ ತೆಗೆದ 64 ಅಕ್ಷರಗಳ ಗುರುತು, ಮೂರನೆಯದರಲ್ಲಿ ಬೈಟ್‌ಗಳಲ್ಲಿ ಗಾತ್ರ ಇರುತ್ತವೆ. ಉಗ್ರಾಣ ಎಲ್ಲಿದೆಯೆಂದು ಅದರಲ್ಲಿ ಹೇಳಿಲ್ಲ. ಆ ವಿಳಾಸವನ್ನು ನಮ್ಮ ಗಿಟ್ ಭಂಡಾರದ ಬೇರೆ ಹೊಂದಾಣಿಕೆಗಳಿಂದ ತಿಳಿಯಬೇಕು. ಅಂದರೆ ಅದು ದಾರಿ ತೋರುವುದಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಚೀಲಗಳನ್ನು ಇಳಿಸಿ ಬಂದ ಬೆಳೆಗಾರರ ಕೈಯಲ್ಲಿ ಉಳಿಯುವ ಚೀಟಿಯನ್ನು ನೋಡಿ: ರಾಶಿಯೋ ಬೆಟ್ಟೆಯೋ ಎಂಬ ನಮೂನೆ, ಗುರುತು, ತೂಕ. ಮಾಲು ಗೋದಾಮಿನಲ್ಲಿರುತ್ತದೆ, ಮನೆಯ ಪೆಟ್ಟಿಗೆಯಲ್ಲಿ ಚೀಟಿ ಇರುತ್ತದೆ, ಚೀಟಿಗೂ ಮಾಲಿಗೂ ತಾಳೆಯಾಗದಿದ್ದರೆ ತಕರಾರು ಏಳುತ್ತದೆ. ‘ಚೀಟಿ’ ಎಂದರೆ ನಮ್ಮ ಸೀಮೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

‘ದೊಡ್ಡ’ ಎಂಬ ವಿಶೇಷಣವೂ ನಿಜವನ್ನು ಹೇಳುತ್ತಿಲ್ಲ. ಟ್ರ್ಯಾಕ್ ಆಜ್ಞೆ ಕಡತದ ಗಾತ್ರವನ್ನು ನೋಡುವುದೇ ಇಲ್ಲ, ಹೆಸರಿನ ಮಾದರಿಯನ್ನು ನೋಡುತ್ತದೆ. ಎರಡು ಕ್ಷಣದ ಜಾಗಟೆಯ ಧ್ವನಿಯೂ ‘ವೇವ್’ ಆಗಿದ್ದರೆ ಉಗ್ರಾಣಕ್ಕೇ ಹೋಗುತ್ತದೆ. ಹೀಗಿರುವಾಗ ‘ದೊಡ್ಡ ಕಡತಗಳ ನೀತಿ’ ಎಂದರೆ ‘ಎಷ್ಟು ದೊಡ್ಡದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಆ ಸಾಲಿನಲ್ಲಿ ಉತ್ತರವಿಲ್ಲ. ‘ನೀತಿ’ಯ ಬದಲು ‘ಕಟ್ಟಳೆ’ ಇರಲಿ ಎನಿಸುತ್ತದೆ. ಸಭೆಯಲ್ಲಿ ಒಮ್ಮೆ ಆಗುವ ‘ಗೊತ್ತುವಳಿ’ಗಿಂತ, ಬರೆದಿಟ್ಟು ಎಲ್ಲರೂ ನಡೆದುಕೊಳ್ಳುವ ಕಟ್ಟಳೆಯೇ ಇಲ್ಲಿರುವುದು.

‘ಕಡತ’ವನ್ನು ಉಳಿಸಿಕೊಂಡದ್ದಕ್ಕೂ ಕಾರಣ ಹೇಳಬೇಕು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ಶೃಂಗೇರಿ ಮಠದಲ್ಲಿ ಇವೆ. ಅವುಗಳ ಮೇಲೆ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು, ಅಳಿಸಿದ ಮೇಲೆ ಹಿಂದಿನ ಬರಹ ದೊರೆಯುತ್ತಿರಲಿಲ್ಲ. ಆ ಪದವನ್ನು ಹಿಂದಿನ ಬರಹವನ್ನೆಲ್ಲ ಉಳಿಸಿಕೊಳ್ಳುವ ವ್ಯವಸ್ಥೆಗೆ ಬಳಸುವುದು ನನಗೆ ಪ್ರಿಯವಾದ ಸಂಗತಿ.

ಈಗ ನನ್ನ ಪ್ರಶ್ನೆಗಳು. ‘ಉಗ್ರಾಣಕ್ಕೆ ಗೊತ್ತುಪಡಿಸು’ ಎಂಬುದು ಆಜ್ಞೆಯ ಹೆಸರಾಗಲು ಉದ್ದವಾಯಿತೇ? ಬರಿಯ ‘ಗೊತ್ತುಪಡಿಸು’ ಸಾಕೇ? ಎಲ್‌ಎಫ್‌ಎಸ್‌ನ ‘ಅನ್‌ಟ್ರ್ಯಾಕ್’ ಆಜ್ಞೆ ಆ ಸಾಲನ್ನು ಮಾತ್ರ ಅಳಿಸಿ, ಉಗ್ರಾಣಕ್ಕೆ ಹೋದದ್ದನ್ನು ಅಲ್ಲಿಯೇ ಬಿಡುತ್ತದೆ. ಇದಕ್ಕೆ ‘ಕಟ್ಟಳೆ ತೆಗೆ’ ಎಂದರೆ ಸರಿಯಾದೀತೇ? ಸಾಗರ, ಹೊಸನಗರ, ಕೊಪ್ಪದ ಕಡೆಯವರು ಮಂಡಿಯ ಆ ಚೀಟಿಗೆ ಬೇರೆ ಹೆಸರನ್ನು ಬಳಸುತ್ತಿದ್ದರೆ, ಅದನ್ನೂ ಅದರ ಬಳಕೆಯ ಒಂದು ವಾಕ್ಯವನ್ನೂ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.