ಜಿಂಕೆ ಕೈಮಾದಿಂದ ಅರ್ಧ ಗಂಟೆಯ ರಾತ್ರಿಯೂಟ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ (ಮ್ಯಾಡಿಸನ್, ವಿಸ್ಕಾನ್ಸಿನ್)

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯವರು ಪ್ರತಿ ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೋಗುತ್ತಾರೆ. ಈ ಸಲ ಒಂದೊಂದು ಪೌಂಡಿನ ಕೈಮಾ ಪೊಟ್ಟಣಗಳನ್ನು ಪ್ರೀತಿಯಿಂದ ತಂದುಕೊಟ್ಟಿದ್ದಾರೆ. ನಮ್ಮ ಯಜಮಾನರಿಗೆ ಕೊಲೆಸ್ಟರಾಲ್ ಹೆಚ್ಚಿದೆ, ಕೊಬ್ಬು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ಹಾಗಾಗಿ ಈ ಮಾಂಸ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಮಟನ್ ಕೈಮಾ ಮಾಡುವ ಕ್ರಮದಲ್ಲೇ ಕುಕ್ಕರಿನಲ್ಲಿ ಕೂಗಿಸಿದರೆ ಮರಳಿನಂತೆ ಒಣಗಿ ಉದುರುತ್ತದೆ, ಒಂದು ಬಗೆಯ ಕಾಡುವಾಸನೆಯೂ ಉಳಿಯುತ್ತದೆ. ಆರಕ್ಕೆ ಕೆಲಸದಿಂದ ಬಂದು ಏಳರೊಳಗೆ ಮಕ್ಕಳಿಗೆ ಬಡಿಸಬೇಕು. ಕಿರಿಯವಳಿಗೆ ನಾಲ್ಕು ವರ್ಷ, ಖಾರ ಆಗುವುದಿಲ್ಲ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ರಾಚೆಸ್ಟರ್, ಮಿನೆಸೋಟ

ನಿಮ್ಮ ತೊಂದರೆಯ ಮೂಲ ಕುಕ್ಕರಿನಲ್ಲಿದೆ, ಅಕ್ಕ. ಕುರಿ, ಮೇಕೆಯ ಕೈಮಾದಲ್ಲಿ ಮಾಂಸದ ಜೊತೆಗೆ ಕೊಬ್ಬೂ ಸೇರಿಕೊಂಡಿರುತ್ತದೆ. ಅದು ಕರಗುತ್ತಾ ಮಾಂಸವನ್ನು ಒಣಗಲು ಬಿಡುವುದಿಲ್ಲ. ಜಿಂಕೆಯ ಮಾಂಸಕ್ಕೆ ಆ ಆಸರೆ ಇಲ್ಲ. ಬಿಸಿ ಏರಿದಂತೆ ಎಳೆಗಳು ಮುದುಡಿ ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತವೆ, ಅಷ್ಟರ ಮೇಲೆ ಎಷ್ಟು ಬೇಯಿಸಿದರೂ ಮತ್ತಷ್ಟು ಬಿರುಸಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಅಲ್ಲದೆ ಯಂತ್ರದಲ್ಲಿ ಕೊಚ್ಚಿದಾಗಲೇ ಎಳೆಗಳೆಲ್ಲ ತುಂಡಾಗಿರುತ್ತವೆ. ಕೂಗಿಸಿ ಮೆತ್ತಗೆ ಮಾಡುವಂಥದ್ದು ಅಲ್ಲಿ ಏನೂ ಉಳಿದಿರುವುದಿಲ್ಲ.

ನಮ್ಮ ಮನೆಯಲ್ಲಿ ಇದು ಸಬ್ಬಸಿಗೆ ಸೊಪ್ಪಿನ ಕೈಮಾ ಆಗುತ್ತದೆ. ಹಿಂದಿನ ರಾತ್ರಿಯೇ ಪೊಟ್ಟಣವನ್ನು ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ, ಕೆಳಗೊಂದು ತಟ್ಟೆ ಇಟ್ಟಿರುತ್ತೇನೆ. ಸಂಜೆ ಬಂದ ಕೂಡಲೇ ಅನ್ನಕ್ಕಿಟ್ಟು, ಇನ್ನೊಂದು ಒಲೆಯಲ್ಲಿ ಮನೆಯಲ್ಲಿರುವ ಅತಿ ಅಗಲದ ಬಾಣಲೆಯನ್ನು ಚೆನ್ನಾಗಿ ಕಾಯಿಸುತ್ತೇನೆ. ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಮಾಂಸಕ್ಕೆ ಒಂದು ದೊಡ್ಡ ಚಮಚ ಎಣ್ಣೆ. ಕೊಬ್ಬಿಲ್ಲದ ಮಾಂಸಕ್ಕೆ ಇಷ್ಟಾದರೂ ಎಣ್ಣೆ ಬೇಕೇ ಬೇಕು, ಯಜಮಾನರ ಪಥ್ಯ ಇದರಿಂದ ಕೆಡುವುದಿಲ್ಲ. ಕೈಮಾವನ್ನು ತೆಳ್ಳಗೆ ಹರಡಿ ಎರಡು ನಿಮಿಷ ಸೌಟು ಹಾಕದೆ ಬಿಡಿ. ತಳ ಕಂದುಬಣ್ಣಕ್ಕೆ ತಿರುಗಿದ ಮೇಲೆ ಮಗುಚಿ, ಬಿಡಿಸಿ, ಬಣ್ಣ ಬದಲಾದ ಕೂಡಲೇ ತಟ್ಟೆಗೆ ತೆಗೆದಿಡಿ. ಈ ತೆಗೆದಿಡುವ ಹಂತವೇ ಮುಖ್ಯ. ಅದೇ ಬಾಣಲೆಯಲ್ಲಿ ಇನ್ನಷ್ಟು ಎಣ್ಣೆ, ಚಕ್ಕೆ, ಲವಂಗ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ, ಶುಂಠಿ ಬೆಳ್ಳುಳ್ಳಿ ಹಾಕಿ. ಅದು ಬಾಡುವಷ್ಟರಲ್ಲಿ ಎರಡು ಟೊಮೆಟೊ ಹೆಚ್ಚಿಕೊಳ್ಳಬಹುದು. ಟೊಮೆಟೊ ಕರಗಿ, ಅರಿಸಿನ, ದನಿಯ ಪುಡಿಯ ಹಸಿವಾಸನೆ ಹೋದ ಮೇಲೆ ಮಾಂಸ ವಾಪಸು ಹಾಕಿ, ಕಾಲು ಲೋಟ ನೀರು, ಉಪ್ಪು, ಒಂದು ದೊಡ್ಡ ಕಟ್ಟು ಸಬ್ಬಸಿಗೆ ಸೇರಿಸಿ. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಐದಾರು ನಿಮಿಷ. ಇಳಿಸಿದ ಮೇಲೆ ನಿಂಬೆರಸ. ಅನ್ನ ಬೇಯುವ ಹೊತ್ತಿಗೆ ಇದೂ ಮುಗಿದಿರುತ್ತದೆ. ಸಬ್ಬಸಿಗೆ ಸಿಗದಿದ್ದರೆ ಭಾರತೀಯ ಅಂಗಡಿಯ ಫ್ರೀಜರಿನಲ್ಲಿರುವ ಮೆಂತ್ಯ ಸೊಪ್ಪು ಆಗುತ್ತದೆ.

ಉಪ್ಪಿನ ವಿಷಯ ಒಂದಿದೆ. ಉದುರುದುರಾದ ಕೈಮಾಗೆ ಹಸಿ ಮಾಂಸದಲ್ಲಿ ಉಪ್ಪು ಕಲಸಬೇಡಿ, ಮಾಂಸ ಅಂಟಿಕೊಂಡು ರಬ್ಬರಿನ ಗುಣ ಬರುತ್ತದೆ. ಉಂಡೆ ಕಟ್ಟುವುದಾದರೆ ಮಾತ್ರ ಮೊದಲೇ ಉಪ್ಪು ಹಾಕಿ ನಾದಿ, ಆಗ ಅದೇ ಅಂಟು ಬೇಕಾಗುತ್ತದೆ.

ಡೆನ್ವರ್, ಕೊಲೊರಾಡೊ

ಅಡುಗೆಗೆ ಮುಂಚೆ ಪಕ್ಕದ ಮನೆಯವರನ್ನು ಮೂರು ವಿಷಯ ಕೇಳಿಕೊಳ್ಳಿ ಎಂದು ನನ್ನ ಆಗ್ರಹ. ಉಡುಗೊರೆ ಕೊಟ್ಟವರನ್ನು ಪ್ರಶ್ನಿಸುವುದು ಹೇಗೆ ಎಂಬ ಸಂಕೋಚ ಬೇಡ. ಇಲ್ಲಿಯ ಬೇಟೆಗಾರರು ತಮ್ಮತಮ್ಮಲ್ಲೇ ದಿನನಿತ್ಯ ಕೇಳಿಕೊಳ್ಳುವ ಪ್ರಶ್ನೆಗಳಿವು.

ಮೊದಲನೆಯದು, ಆ ಜಿಂಕೆಯನ್ನು ಪರೀಕ್ಷೆ ಮಾಡಿಸಿದ್ದಾರೆಯೇ? ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ರೋಗ ಜಿಂಕೆಗಳನ್ನೂ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗಳನ್ನೂ ಸೊರಗಿಸಿ ಕೊಲ್ಲುತ್ತದೆ. ಅದು ಮೊದಲು ಕಂಡದ್ದು ನಮ್ಮ ಕೊಲೊರಾಡೊದಲ್ಲೇ, 1967ರಲ್ಲಿ. ನಿಮ್ಮ ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯಿತು. ಮನುಷ್ಯರಿಗೆ ಅಂಟಿದ ಖಚಿತ ಪ್ರಕರಣ ಇದುವರೆಗೆ ಇಲ್ಲ. ಆದರೂ ರೋಗ ಹರಡಿರುವ ಪ್ರದೇಶದ ಪ್ರಾಣಿಯನ್ನು ತಿನ್ನುವ ಮುಂಚೆ ಪರೀಕ್ಷೆ ಮಾಡಿಸುವುದು ಒಳ್ಳೆಯದು, ರೋಗ ಇದೆಯೆಂದು ಬಂದರೆ ತಿನ್ನಲೇಬಾರದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ರೋಗ ತರುವ ಪ್ರಿಯಾನ್ ಎಂಬ ಪ್ರೋಟೀನು ಒಲೆಯ ಬಿಸಿಗೆ ನಾಶವಾಗುವುದಿಲ್ಲ, ಆದ್ದರಿಂದ ಚೆನ್ನಾಗಿ ಬೇಯಿಸುತ್ತೇವೆ ಎಂಬ ಸಮಾಧಾನ ಇಲ್ಲಿ ನಡೆಯದು. ನಿಮ್ಮ ರಾಜ್ಯದಲ್ಲಿ ಬೇಟೆಗಾರರಿಗೆ ಈ ಪರೀಕ್ಷೆ ಉಚಿತ. ಕೈಮಾ ಮಾಡಿಸುವಾಗ ಹಲವರ ಜಿಂಕೆಗಳನ್ನು ಒಟ್ಟಿಗೆ ಅರೆದರೇ, ಇವರದನ್ನು ಮಾತ್ರ ಬೇರೆಯಾಗಿ ಅರೆದರೇ ಎಂಬುದನ್ನೂ ಕೇಳಿ.

ಎರಡನೆಯದು ಗುಂಡು. ಸೀಸದ ಗುಂಡು ಬಡಿದಾಗ ಕಣ್ಣಿಗೆ ಕಾಣದ ಚೂರುಗಳಾಗಿ ಮಾಂಸದಲ್ಲಿ ಚದುರುತ್ತದೆ, ಕೈಮಾ ಯಂತ್ರ ಅದನ್ನು ಇನ್ನಷ್ಟು ಹರಡುತ್ತದೆ. ಉತ್ತರ ಡಕೋಟದ ಆರೋಗ್ಯ ಇಲಾಖೆ 2008ರಲ್ಲೇ ಗರ್ಭಿಣಿಯರು ಮತ್ತು ಆರು ವರ್ಷದೊಳಗಿನ ಮಕ್ಕಳು ಸೀಸದ ಗುಂಡಿನಿಂದ ಹೊಡೆದ ಜಿಂಕೆಯ ಮಾಂಸವನ್ನು ತಿನ್ನಬಾರದೆಂದು ಸಲಹೆ ಕೊಟ್ಟಿತು. ನಿಮ್ಮ ಕಿರಿಯವಳಿಗೆ ನಾಲ್ಕು ಎಂದು ಓದಿದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ತಾಮ್ರದ ಗುಂಡು ಅಥವಾ ಬಿಲ್ಲುಬಾಣದ ಬೇಟೆಯಾದರೆ ಈ ಭಯವಿಲ್ಲ.

ಮೂರನೆಯದು, ಬೇರೆ ಕೊಬ್ಬು ಸೇರಿಸಿದ್ದಾರೆಯೇ? ಮಾಂಸ ಕತ್ತರಿಸಿಕೊಡುವ ಅಂಗಡಿಗಳಲ್ಲಿ ಜಿಂಕೆ ಕೈಮಾಗೆ ಹಂದಿಯ ಅಥವಾ ದನದ ಕೊಬ್ಬನ್ನು ಬೆರೆಸುವುದು ಸಾಮಾನ್ಯ ಪದ್ಧತಿ. ನೂರಕ್ಕೆ ಹತ್ತು, ಇಪ್ಪತ್ತು ಪಾಲು ಇರುವುದೂ ಉಂಟು. ಆಗ ಯಜಮಾನರ ಪಥ್ಯಕ್ಕೂ ಅದು ಹೊಂದುವುದಿಲ್ಲ. ದನವನ್ನೋ ಹಂದಿಯನ್ನೋ ತಿನ್ನದ ಮನೆಗಳಿಗೆ ಇದು ಇನ್ನೂ ದೊಡ್ಡ ವಿಷಯ. ನಾವು ಇದೇ ಕಾರಣಕ್ಕೆ ಏನೂ ಬೆರೆಸದ ಎಲ್ಕ್ ಕೈಮಾವನ್ನು ಕೇಳಿ ತರುತ್ತೇವೆ. ಅಂಗಡಿಯಲ್ಲಿ ಬೈಸನ್ ಸುಲಭವಾಗಿ ಸಿಗುತ್ತದೆ, ರುಚಿಯೂ ಸೌಮ್ಯ, ಆದರೆ ಅದು ದನದ ಹತ್ತಿರದ ಸಂಬಂಧಿ ಎಂದು ನಮ್ಮ ಅತ್ತೆಯವರು ಒಪ್ಪುವುದಿಲ್ಲ, ನಾವೂ ಒತ್ತಾಯಿಸುವುದಿಲ್ಲ.

ಆಸ್ಟಿನ್, ಟೆಕ್ಸಾಸ್

ಮೇಲಿನವರ ಮಾತಿಗೆ ಒಂದೇ ಸೇರ್ಪಡೆ. ಜಿಂಕೆ, ಕುರಿ, ಹಂದಿ ಯಾವುದರ ಕೈಮಾ ಆದರೂ ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್, ಇಲ್ಲಿಯ ಲೆಕ್ಕದಲ್ಲಿ 160 ಫ್ಯಾರನ್‌ಹೀಟ್ ಮುಟ್ಟಬೇಕು, ಕೋಳಿಯದಾದರೆ 74 ಡಿಗ್ರಿ ಸೆಲ್ಸಿಯಸ್, ಅಂದರೆ 165 ಫ್ಯಾರನ್‌ಹೀಟ್. ಇಡೀ ತುಂಡಿನಲ್ಲಿ ಕ್ರಿಮಿಗಳು ಮೇಲ್ಮೈಯಲ್ಲಿರುತ್ತವೆ, ಕೊಚ್ಚಿದ ಮೇಲೆ ಎಲ್ಲ ಕಡೆಗೂ ಸೇರುತ್ತವೆ. ಇಲ್ಲಿ ಕಾಡುಹಂದಿಯ ಕೈಮಾ ಕೊಡುವವರಿದ್ದಾರೆ. ಅದರಲ್ಲಿ ಟ್ರೈಕಿನೆಲ್ಲ ಎಂಬ ಹುಳುವಿನ ಮರಿಗಳೂ ಇರಬಹುದಾದ್ದರಿಂದ ಅರೆಬೆಂದದ್ದನ್ನು ಬಾಯಿಗೆ ಹಾಕಿ ರುಚಿ ನೋಡಬೇಡಿ. ಚುಚ್ಚಿ ನೋಡುವ ಸಣ್ಣ ಥರ್ಮಾಮೀಟರ್ ತಂದಿಟ್ಟುಕೊಂಡರೆ ಹೆಚ್ಚು ಬೇಯಿಸಿ ಒಣಗಿಸುವುದೂ ತಪ್ಪುತ್ತದೆ.

ಅಡಿಲೇಡ್, ಆಸ್ಟ್ರೇಲಿಯ

ನಮ್ಮಲ್ಲಿ ಜಿಂಕೆಯಲ್ಲ, ಕಾಂಗರೂ. ಸೂಪರ್ ಮಾರುಕಟ್ಟೆಯಲ್ಲೇ ಕೈಮಾ ಪೊಟ್ಟಣ ಇಟ್ಟಿರುತ್ತಾರೆ. ಜನರ ಊಟಕ್ಕೆ ಕಾಂಗರೂ ಮಾಂಸ ಮಾರಲು ದಕ್ಷಿಣ ಆಸ್ಟ್ರೇಲಿಯ 1980ರಲ್ಲೇ ಅನುಮತಿ ಕೊಟ್ಟಿತು. ಇವನ್ನು ಸಾಕುವುದಿಲ್ಲ, ಪರವಾನಗಿ ಇರುವ ಬೇಟೆಗಾರರು ಸರ್ಕಾರ ಗೊತ್ತುಮಾಡಿದ ಮಿತಿಯೊಳಗೆ ಹೊಡೆಯುತ್ತಾರೆ. ಕೊಬ್ಬು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ, ಆದ್ದರಿಂದ ನಿಮ್ಮ ತೊಂದರೆಯೇ ನಮ್ಮದೂ.

ನನ್ನ ಉಪಾಯ ಅಣಬೆ. ಒಂದು ಪೌಂಡು ಮಾಂಸಕ್ಕೆ ಅದರ ಅರ್ಧದಷ್ಟು ಅಣಬೆಯನ್ನು ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ತರಿತರಿಯಾಗಿ ಮಾಡಿ ಈರುಳ್ಳಿಯ ಜೊತೆ ಹುರಿಯುತ್ತೇನೆ. ಅಣಬೆ ಬಿಡುವ ನೀರಿನಲ್ಲೇ ಕೈಮಾ ಬೇಯುತ್ತದೆ, ಮಾಂಸವೂ ಎರಡು ಹೊತ್ತಿಗೆ ಸಾಲುತ್ತದೆ, ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದಕ್ಕೆ ಬಟಾಣಿ ಸೇರಿಸಿ ಚಪಾತಿಯೊಳಗೆ ಸುತ್ತಿಕೊಟ್ಟರೆ ನಮ್ಮ ಮಕ್ಕಳು ಚಕಾರವೆತ್ತದೆ ತಿನ್ನುತ್ತಾರೆ. ಖಾರ ಬೇಕಾದವರಿಗೆ ಚಟ್ನಿಪುಡಿ ಪಕ್ಕದಲ್ಲಿಡಿ.

ರಾಚೆಸ್ಟರ್, ಮಿನೆಸೋಟ

ಅಣಬೆ ಒಳ್ಳೆಯ ಉಪಾಯ. ಮನೆಯಲ್ಲಿ ಇಲ್ಲದ ದಿನ ಅಡುಗೆ ಸೋಡಾ ಕೂಡ ಕೆಲಸ ಮಾಡುತ್ತದೆ. ಒಂದು ಪೌಂಡಿಗೆ ಕಾಲು ಚಿಕ್ಕ ಚಮಚ ಸೋಡಾವನ್ನು ಒಂದು ದೊಡ್ಡ ಚಮಚ ನೀರಿನಲ್ಲಿ ಕರಗಿಸಿ ಹಸಿ ಕೈಮಾಗೆ ಕಲಸಿ ಹದಿನೈದು ನಿಮಿಷ ಬಿಟ್ಟರೆ ಮಾಂಸ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಈರುಳ್ಳಿ ಹೆಚ್ಚುವ ಹೊತ್ತಿಗೆ ಆ ಹದಿನೈದು ನಿಮಿಷ ಕಳೆದಿರುತ್ತದೆ.

ಅಡಿಲೇಡ್, ಆಸ್ಟ್ರೇಲಿಯ

ಸೋಡಾಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಕೊಂಚ ಹೆಚ್ಚಾದರೂ ಸಾಬೂನಿನ ರುಚಿ ಬರುತ್ತದೆ. ಅವಸರದ ಸಂಜೆಯಲ್ಲಿ ಅಳತೆ ತಪ್ಪುವುದು ಸುಲಭ.

ಆ್ಯನ್ ಆರ್ಬರ್, ಮಿಷಿಗನ್ (ಊರು ಕೊಡಗು)

ಕಾಡುವಾಸನೆಯ ಬಗ್ಗೆ ಯಾರೂ ಹೇಳಲಿಲ್ಲ. ಅದು ಬಹುಪಾಲು ಇರುವುದು ಜಿಂಕೆಯ ಕೊಬ್ಬಿನಲ್ಲಿ ಮತ್ತು ಮಾಂಸದ ಮೇಲಿನ ಬಿಳಿ ಪೊರೆಯಲ್ಲಿ. ಆ ಕೊಬ್ಬು ಸ್ವಲ್ಪ ಆರಿದರೂ ಮೇಣದಂತೆ ಬಾಯಿಗೆ ಅಂಟುತ್ತದೆ. ಅದನ್ನು ಬಿಡಿಸಿ ಅರೆಸಿದವರ ಕೈಮಾದಲ್ಲಿ ವಾಸನೆ ಬಹಳ ಕಡಿಮೆ. ಮುಂದಿನ ವರ್ಷ ಪಕ್ಕದ ಮನೆಯವರು ಕೇಳಿದರೆ ಹಾಗೆ ಮಾಡಿಸಲು ಹೇಳಿ. ಈಗಿರುವುದನ್ನು ಬಿಸಿಬಿಸಿಯಾಗಿಯೇ ಬಡಿಸಿ.

ಉಳಿದ ವಾಸನೆಗೆ ನಮ್ಮ ಕಡೆಯ ಮದ್ದು ಕರಿಮೆಣಸು ಮತ್ತು ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿರಸ. ದನಿಯ, ಜೀರಿಗೆ, ಕರಿಮೆಣಸು, ಸ್ವಲ್ಪ ಸಾಸಿವೆಯನ್ನು ಕಪ್ಪಾಗುವ ಅಂಚಿನವರೆಗೆ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿಡಿ, ನಮ್ಮ ಹಂದಿಮಾಂಸದ ಸಾರಾದ ಪಂದಿಕರಿಗೆ ಹಾಕುವ ಪುಡಿಯ ಹಾಗೆಯೇ. ಭಾನುವಾರ ಮಾಡಿಟ್ಟರೆ ವಾರವಿಡೀ ಆಯಿತು. ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನ ಜೊತೆ ಕೈಮಾ ಹುರಿದು, ಎರಡು ಚಿಕ್ಕ ಚಮಚ ಪುಡಿ ಹಾಕಿ, ಇಳಿಸುವ ಮುಂಚೆ ಒಂದು ಚಿಕ್ಕ ಚಮಚ ಕಾಚಂಪುಳಿ. ಅದು ಬಹಳ ತೀಕ್ಷ್ಣ, ಹೆಚ್ಚು ಹಾಕಬೇಡಿ. ಊರಿಂದ ತಂದ ಸೀಸೆ ಮುಗಿದಿದ್ದರೆ ಹುಣಸೆಯ ಗಟ್ಟಿ ರಸ ಹಾಕಿ, ರುಚಿ ಬೇರೆಯಾದರೂ ವಾಸನೆ ಮುರಿಯುತ್ತದೆ. ನಾವು ‘ಒಟ್ಟಿ’ ಎನ್ನುವ ಅಕ್ಕಿ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಮಗುವಿನ ಪಾಲನ್ನು ಪುಡಿ ಹಾಕುವ ಮುಂಚೆ ತೆಗೆದಿಡಬಹುದು.

ಮೈಸೂರು

ನನ್ನ ಮಗಳೂ ಮೊಮ್ಮಕ್ಕಳೂ ಅಮೆರಿಕದಲ್ಲಿದ್ದಾರೆ, ಆದ್ದರಿಂದ ಓದಿದೆ. ಇಲ್ಲಿರುವ ನಮಗೆ ಜಿಂಕೆ ಮಾಂಸದ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಹಾಗೇ ಇರಲಿ. ಆದರೆ ಕೈಮಾ ಉಂಡೆ ನಮ್ಮ ಮನೆಯ ಅಡುಗೆ, ಮೇಕೆಯ ತೊಡೆಯಿಂದ ಕೊಬ್ಬು ತೆಗೆಸಿ ಕೊಚ್ಚಿಸಿದ ಕೈಮಾದಲ್ಲಿ ಮಾಡುತ್ತೇನೆ. ನಿನ್ನ ಜಿಂಕೆಗೂ ಹೊಂದುತ್ತದೆ, ಮಗಳೇ.

ಒಂದು ಹಿಡಿ ಹುರಿಗಡಲೆ, ಎರಡು ಚಮಚ ಕಾಯಿತುರಿ, ಕೊತ್ತಂಬರಿ ಸೊಪ್ಪು, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗವನ್ನು ನೀರಿಲ್ಲದೆ ರುಬ್ಬು. ಕೈಮಾ, ಉಪ್ಪು, ಒಂದು ಮೊಟ್ಟೆಯ ಜೊತೆ ಕಲಸಿ ನಿಂಬೆಗಾತ್ರದ ಉಂಡೆ ಕಟ್ಟು. ಹುರಿಗಡಲೆ ಮಾಂಸದ ನೀರನ್ನು ಹೀರಿ ಒಳಗೇ ಉಳಿಸುತ್ತದೆ. ಟೊಮೆಟೊ, ಈರುಳ್ಳಿ, ಸಾರಿನ ಪುಡಿ ಹಾಕಿದ ತೆಳು ಸಾರು ಕುದಿಯುವಾಗ ಒಂದೊಂದೇ ಉಂಡೆ ಬಿಡು. ಬಿಟ್ಟ ಮೇಲೆ ಸೌಟು ಆಡಿಸಬಾರದು. ಉರಿ ತಗ್ಗಿಸಿ ಹದಿನೈದು ನಿಮಿಷ. ಸಾರಿನಲ್ಲಿ ಬೇಯುವ ಉಂಡೆ ಬಾಣಲೆಯಲ್ಲಿ ಹುರಿದದ್ದರಂತೆ ಒಣಗುವುದಿಲ್ಲ. ಮುದ್ದೆಯೋ ಅನ್ನವೋ ನಿಮ್ಮ ಇಷ್ಟ. ಉಂಡೆಗಳನ್ನು ರಾತ್ರಿಯೇ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ಸಂಜೆ ಸಾರು ಕುದಿಸುವುದಷ್ಟೇ ಕೆಲಸ.

ಮ್ಯಾಡಿಸನ್, ವಿಸ್ಕಾನ್ಸಿನ್

ಎಲ್ಲರಿಗೂ ಧನ್ಯವಾದ. ಪಕ್ಕದ ಮನೆಯವರನ್ನು ಕೇಳಿದೆ. ಪರೀಕ್ಷೆ ಮಾಡಿಸಿದ್ದಾರೆ, ರೋಗವಿಲ್ಲವೆಂದು ಬಂದಿದೆ, ಕೈಮಾ ತಾವೇ ಮನೆಯಲ್ಲಿ ಮಾಡಿದ್ದು, ಏನೂ ಬೆರೆಸಿಲ್ಲ. ಗುಂಡು ಮಾತ್ರ ಸೀಸದ್ದು. ಹಾಗಾಗಿ ಕಿರಿಯವಳಿಗೆ ಕೋಳಿ ಕೈಮಾದ ಉಂಡೆ ಬೇರೆ ಪಾತ್ರೆಯಲ್ಲಿ, ದೊಡ್ಡವರಿಗೆ ಸಬ್ಬಸಿಗೆ ಹಾಕಿದ ಜಿಂಕೆ ಕೈಮಾ ಮಾಡಿದೆ. ಕೈಮಾ ಮೆತ್ತಗೆ ಬಂತು, ಯಜಮಾನರು ಎರಡನೆಯ ಸಲ ಹಾಕಿಸಿಕೊಂಡರು. ಮುಂದಿನ ವರ್ಷ ತಾಮ್ರದ ಗುಂಡು ಬಳಸುವುದಾಗಿ ಅವರೇ ಹೇಳಿದರು. ಇನ್ನೊಂದು ಪ್ರಶ್ನೆ: ಹಿಂದಿನ ರಾತ್ರಿ ಪೊಟ್ಟಣ ಇಳಿಸಿಡಲು ಮರೆತರೆ ಏನು ಮಾಡುವುದು?

ಡೆನ್ವರ್, ಕೊಲೊರಾಡೊ

ಪೊಟ್ಟಣ ಸೋರದಂತಿದ್ದರೆ ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಒಂದು ಪೌಂಡು ಸುಮಾರು ಒಂದು ಗಂಟೆಯಲ್ಲಿ ಹೆಪ್ಪು ಬಿಡುತ್ತದೆ. ಯಜಮಾನರು ಮೊದಲು ಮನೆಗೆ ಬರುವುದಾದರೆ ಅವರಿಗೆ ಆ ಕೆಲಸ ವಹಿಸಿ. ಬಿಸಿನೀರು ಬೇಡ, ಒಲೆಯ ಪಕ್ಕ ಹಾಗೇ ಇಟ್ಟು ಬಿಡಿಸುವುದೂ ಬೇಡ. ಮೈಕ್ರೋವೇವಿನಲ್ಲಿ ಬಿಡಿಸಿದರೆ ತಕ್ಷಣ ಬೇಯಿಸಬೇಕು. ಫ್ರಿಜ್ಜಿನಲ್ಲಿ ಕರಗಿದ್ದನ್ನು ಒಂದೆರಡು ದಿನದೊಳಗೆ ಮುಗಿಸಿ. ಕೈಮಾ ಫ್ರೀಜರಿನಲ್ಲಿ ಮೂರು ನಾಲ್ಕು ತಿಂಗಳ ಮೇಲೆ ರುಚಿ ಕಳೆದುಕೊಳ್ಳುತ್ತಾ ಹೋಗುತ್ತದೆ, ಆದ್ದರಿಂದ ನವೆಂಬರಿನದನ್ನು ಮಾರ್ಚಿನೊಳಗೆ ಮುಗಿಸುವ ಲೆಕ್ಕ ಇಟ್ಟುಕೊಳ್ಳಿ.